ಬೆಟ್ಟುಗದ್ದೆಯ ಕುದುರೆಮೆಂತೆ

೧೨ ನವೆಂಬರ್ ೧೯೪೪, ಭಾನುವಾರ
ಹಟ್ಟಿಯಂಗಡಿ

ಬಸ್ರೂರಿನಿಂದ ಅಪ್ಪಯ್ಯ ಬಂದು ಹೋದರು. ಶಾಲೆ ಮಾಸ್ತರರು ಎಲ್ಲಿಗೂ ಬರಿಗೈಯಲ್ಲಿ ಹೋಗುವವರಲ್ಲ; ಮೊಮ್ಮಗಳಿಗೆ ಒಂದು ಜೊತೆ ಗೆಜ್ಜೆ, ನನಗೆ ಈ ಖಾಲಿ ಪುಸ್ತಕ. "ಮನ್ಸಿಗ್ ಬಂದದ್ದ್ ಬರಿ ಮಗಾ. ಯಾರಿಗೂ ತೋರ್ಸುದ್ ಬ್ಯಾಡ" ಎಂದರು. ನನ್ನ ಮುಖ ನೋಡಿ ಹೆದರಿರಬೇಕು. ಸೀಮೆಎಣ್ಣೆಗೆ ತತ್ವಾರವಾದ ಕಾಲವಿದು. ಹಾಗಾಗಿ ಬರೆಯುವುದೇನಿದ್ದರೂ ಮಧ್ಯಾಹ್ನ, ಅತ್ತೆ ಚಾವಡಿಯಲ್ಲಿ ಸೆರಗು ಹಾಸಿ ಅಡ್ಡಾದ ಮೇಲೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅಮ್ಮನಿಲ್ಲದ ತವರಿಗೆ ಬಸುರಿಯನ್ನು ಯಾರು ಕಳಿಸುತ್ತಾರೆ? ಇಲ್ಲೇ ಆಯಿತು. ಆಮೇಲೆ ಜ್ವರ ಬಂತು. ನಾನು ಉಳಿಯುವುದಿಲ್ಲವೆಂದು ಊರೆಲ್ಲ ಮಾತಾಡಿಕೊಂಡಿತ್ತಂತೆ. ಅತ್ತೆಯೊಬ್ಬರೇ ಗಣಪತಿಗೆ ಹರಕೆ ಹೇಳಿಕೊಂಡು ಕೂತಿದ್ದರಂತೆ. ನಾನು ಸರಿಯಾಗಿ ಕಣ್ಣು ಬಿಡುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು ಮುಗಿದಿತ್ತು, ಗೋಮತಿ ಎಂದು. ಎದೆಯ ಹಾಲು ಜ್ವರದಲ್ಲಿ ಬತ್ತಿಹೋಗಿತ್ತು. ಈಗ ಕೆಂಪಿಯ ಹಾಲಿಗೆ ನೀರು ಬೆರೆಸಿ ಕಾಯಿಸಿ ಅತ್ತೆ ಒಳಲೆಯಲ್ಲಿ ಕುಡಿಸುತ್ತಾರೆ. ನಮ್ಮ ಹಟ್ಟಿಯಲ್ಲಿ ಕರೆಯುವ ದನ ಅದೊಂದೇ.

ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು? ಕೂಸು ಅತ್ತಾಗ ನನಗೆ ಏನೂ ಆಗುವುದಿಲ್ಲ. ಎತ್ತಿಕೊಂಡರೆ ನೆಂಟರ ಮನೆಯ ಕೂಸನ್ನು ಎತ್ತಿಕೊಂಡ ಹಾಗೆ. ಯಾವಾಗ ವಾಪಸು ಕೊಡುವುದೆಂದು ಕಾಯುತ್ತೇನೆ. ಅತ್ತೆ ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

೧೭ ನವೆಂಬರ್

ಬೇರೆಯವರ ಗಂಡಂದಿರು ಊರಿಗೆ ಸೀರೆ ಕಳಿಸುತ್ತಾರೆ. ನನ್ನವರು ಹುಲ್ಲು ಕಳಿಸಿದ್ದಾರೆ.

ಇವರ ಹೆಸರು ಕಮಲಾಕ್ಷ. ಪುಸ್ತಕಕ್ಕೆ ಕಿವಿಯಿಲ್ಲ, ಇಲ್ಲಿ ಬರೆದರೆ ದೋಷವಿಲ್ಲ. ಪುಣೆಯ ಹೋಟೆಲಿನಲ್ಲಿ ಇವರ ಜೊತೆ ಕೆಲಸಕ್ಕಿರುವ ರಾಜೀವ ರಜೆಗೆ ಬಂದವನು ಒಂದು ಬಟ್ಟೆಯ ಗಂಟು ತಂದು ಕೊಟ್ಟ. ಬಿಚ್ಚಿದರೆ ಸಾಸಿವೆಗಿಂತ ತುಸು ದೊಡ್ಡ, ಹಳದಿ ಬಣ್ಣದ ಬೀಜ. ಕುದುರೆಮೆಂತೆಯಂತೆ. ಆ ಕಡೆ ಟಾಂಗಾ ಕುದುರೆಗಳಿಗೂ ಗೌಳಿಗರ ದನಗಳಿಗೂ ಇದೇ ಹಸಿಮೇವು. "ಹೆಂಡ್ತಿಗೆ ಹಾಲಿಲ್ಲೆ, ದನಕ್ಕಾದ್ರೂ ಇರ್ಲಿ ಅಂದ್ರ್" ಎಂದು ರಾಜೀವ ಅತ್ತೆಯ ಎದುರಿಗೇ ಹೇಳಿ ನಕ್ಕ. ನನಗೆ ಕಿವಿಯೆಲ್ಲ ಬಿಸಿಯಾಯಿತು. ಆ ಗಂಟನ್ನು ಕೆರೆಗೆ ಎಸೆಯಬೇಕೆನ್ನಿಸಿತು.

ಬಿತ್ತುವ ಕ್ರಮವನ್ನೂ ಹೇಳಿ ಕಳಿಸಿದ್ದಾರೆ. ಇದೊಂದನ್ನೇ ಬಿತ್ತಬಾರದು, ರಾಗಿಯೂ ಹುರುಳಿಯೂ ಜೊತೆಗಿರಬೇಕು. ಅವು ಬೇಗ ಎದ್ದು ಇದಕ್ಕೆ ನೆರಳು ಕೊಡುತ್ತವೆ. ಕೊಯ್ದು ಹಾಕುವಾಗಲೂ ಮೂರನ್ನೂ ಬೆರೆಸಿಯೇ ಹಾಕಬೇಕು. ಬರೀ ಎಳೆಮೆಂತೆ ತಿಂದರೆ ದನದ ಹೊಟ್ಟೆ ಉಬ್ಬುತ್ತದೆ.

ಅತ್ತೆ ಬೀಜವನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಹಿಂಡಿ ಅಂಗ್ಡಿಯಲ್ ಸಿಕ್ಕುದಿಲ್ಲೆ. ಚಳಿ ಕಳ್ದ್ರೆ ಹಸಿಹುಲ್ಲ್ ಎಲ್ಲ ಒಣ್ಗತ್ತ್. ಆಗ ಕೆಂಪಿ ಎಲ್ಲಿಂದ ಹಾಲ್ ಕೊಡ್ತ್? ಕೂಸಿಗ್ ಎಂತ ಕೊಡುದ್?" ಎಂದರು. ನನ್ನನ್ನು ಕೇಳಿದರೋ ಬೀಜವನ್ನು ಕೇಳಿದರೋ ಗೊತ್ತಾಗಲಿಲ್ಲ.

೨೦ ನವೆಂಬರ್

ಬತ್ತ ಕೊಯ್ದಾದ ಬೆಟ್ಟುಗದ್ದೆಯಲ್ಲಿ ಅರ್ಧ ಬೀಜ ಬಿತ್ತಿದೆವು. ಮನೆಯ ಹಿಂದಿನ ಮಣ್ಣಿನ ದರೆ ಹತ್ತಿದರೆ ಸಿಗುವ ಸಣ್ಣ ತುಂಡು ಅದು. ಎತ್ತರದ ಜಾಗ, ನೀರು ನಿಲ್ಲುವುದಿಲ್ಲ, ಪಕ್ಕದಲ್ಲೇ ಕೆರೆ. ಸಹಾಯಕ್ಕೆ ಪದ್ದು ಬಂದಿದ್ದಳು. ಹೊಳೆಬದಿಯ ಮನೆಯವಳು. ಗಂಡ ಮೀನಿಗೆ ಹೋಗುತ್ತಾನೆ, ಇವಳು ಚಿಪ್ಪು ಸುಟ್ಟು ಸುಣ್ಣ ಮಾರುತ್ತಾಳೆ, ಬಿಡುವಾದಾಗ ನಮ್ಮ ಗದ್ದೆಗೆ ಬರುತ್ತಾಳೆ. "ಒಡ್ತಿ, ಹುಲ್ಲ್ ಬಿತ್ತುವರ್ನ ನಾ ಈಗ್ಲೇ ಕಂಡದ್ದ್" ಎಂದು ಬಿತ್ತಿ ಮುಗಿಯುವ ತನಕ ನಕ್ಕಳು.

ಅತ್ತೆಯ ಅಪ್ಪಣೆಯಂತೆ ಹುರುಳಿ ಬಿತ್ತುವ ಹಾಗೆಯೇ ಎಲ್ಲ ನಡೆಯಿತು: ಬೀಜ ಎರಚಿ, ನೇಗಿಲು ಹೊಡೆಸಿ, ಮೇಲೆ ಹಲಗೆ ಎಳೆಸಿದ್ದು. ಕೊಯ್ಲಿನ ಮೇಲೆ ಹುರುಳಿ, ಇಲ್ಲವೇ ಉದ್ದು. ನಮ್ಮ ಕಡೆಯವರಿಗೆ ಮೂರನೆಯ ಕ್ರಮ ಗೊತ್ತಿಲ್ಲ. ನನಗಂತೂ ಮೊದಲ ಎರಡೂ ಗೊತ್ತಿರಲಿಲ್ಲ. ಮಾಸ್ತರರ ಮಗಳು ಗದ್ದೆಗೆ ಇಳಿದವಳಲ್ಲ.

ಬೆಟ್ಟುಗದ್ದೆಯಲ್ಲಿ ಒಂದು ಸುಖವಿದೆ. ಅಲ್ಲಿಗೆ ಕೂಸಿನ ಅಳು ಕೇಳುವುದಿಲ್ಲ.

೪ ಡಿಸೆಂಬರ್

ರಾಗಿ ಎದ್ದಿದೆ, ಹುರುಳಿ ಎದ್ದಿದೆ. ಕುದುರೆಮೆಂತೆ ಅಲ್ಲೊಂದು ಇಲ್ಲೊಂದು. ನೇಗಿಲಿನ ಅಡಿಗೆ ಹೋದ ಬೀಜ ಮೇಲೆ ಬರಲೇ ಇಲ್ಲ. ಬಂದದ್ದಕ್ಕೂ ಕಾಮಾಲೆ ಹಿಡಿದಿದೆ. ಬೆರಳುದ್ದಕ್ಕೆ ನಿಂತು, ಹಳದಿಯಾಗಿ, ಮುಂದೆ ಬೆಳೆಯುವ ಮನಸ್ಸೇ ಇಲ್ಲ. ಅತ್ತೆ ನೋಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಎಂದರು. ಕೂಸು ಹುಟ್ಟಿಯಾಗಿದೆಯಲ್ಲ, ಅದೇ ಕಷ್ಟ.

ಮಂಜಯ್ಯ ಶೆಟ್ಟರು ಬದುವಿನ ಮೇಲೆ ಹೋಗುವವರು ನಿಂತರು. ನಮ್ಮ ಬೈಲಿಗೆ ಅವರೇ ಹಿರಿಯರು. ಯಾವಾಗ ನೀರು ಕಟ್ಟುವುದು, ಯಾವಾಗ ದನ ಬಿಡುವುದು, ಎಲ್ಲ ಅವರ ಬಾಯಿಂದ ಬರಬೇಕು. "ಎಂತ ಅಮ್ಮ ಇದ್ ಬೆಳ್ಸಿದ್ದ್?" ಎಂದು ಕೇಳಿದರು. ಹುಲ್ಲು ಎಂದೆ. "ಹುಲ್ಲಿಗೂ ಬಿತ್ತುಕ್ ಬೇಕಾ?" ಎಂದು ಮೀಸೆಯಡಿ ನಕ್ಕು ಹೋದರು. ಇನ್ನು ಬೈಲಿಡೀ ಇದೇ ಮಾತು.

೧೧ ಡಿಸೆಂಬರ್

ಬೆಳಿಗ್ಗೆ ಕೂಸು ಬಿಡದೆ ಅತ್ತಿತು. ಅತ್ತೆ ತೊಟ್ಟಿಲು ತೂಗುತ್ತ ನನ್ನ ಕಡೆ ಒಮ್ಮೆ ನೋಡಿದರು. ನಾನು ಕೊಡಪಾನ ಎತ್ತಿಕೊಂಡು ಬೆಟ್ಟುಗದ್ದೆಗೆ ನಡೆದುಬಿಟ್ಟೆ. ಗಿಡಗಳಿಗೆ ನೀರು ಹಾಕುವುದು ಒಂದು ನೆಪ. ಗದ್ದೆಯ ಮೂಲೆಯಲ್ಲಿ, ದರೆಯ ಅಂಚಿಗೆ, ಯಾರಿಗೂ ಕಾಣದ ಹಾಗೆ ಕುಕ್ಕರುಗಾಲಲ್ಲಿ ಕೂತೆ. ಅಳಬೇಕೆಂದು ಹೋದದ್ದು, ಅಳುವೂ ಬರಲಿಲ್ಲ.

ಆಮೇಲೆ ಕಾಲಬುಡದಲ್ಲಿ ಕಂಡಿತು. ಕುದುರೆಮೆಂತೆ, ಕಡುಹಸಿರು, ಗಿಡಕ್ಕೆ ಗಿಡ ಒತ್ತಿಕೊಂಡು ನಿಂತಿದೆ. ಒಂದು ಚಾಪೆ ಹಾಸಿದಷ್ಟು ಜಾಗದಲ್ಲಿ ಮಾತ್ರ. ಅದರಾಚೆ ಮತ್ತೆ ಅದೇ ಹಳದಿ. ಮಣ್ಣು ಕೆದಕಿ ನೋಡಿದೆ, ಬಿಳಿ ಬಿಳಿ ಹುಡಿ. ದೀಪಾವಳಿಗೆ ಗೋಡೆಗೂ ತುಳಸಿಕಟ್ಟೆಗೂ ಬಳಿಯಲು ಅತ್ತೆ ಸುಣ್ಣ ಅರಳಿಸಿದ್ದು ಇಲ್ಲೇ, ಉಳಿದದ್ದನ್ನು ಚೆಲ್ಲಿದ್ದೂ ಇಲ್ಲೇ. ನಮ್ಮ ಕೆಂಪು ಮಣ್ಣಿನಲ್ಲಿ ಈ ಪರದೇಶಿ ಗಿಡಕ್ಕೆ ಬೇಕಾದದ್ದು ಏನೋ ಇಲ್ಲ, ಅದು ಸುಣ್ಣದಲ್ಲಿದೆ.

ಓಡಿಬಂದು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಸುಣ್ಣ ಹಾಕ್ರೆ ಬೆಳಿ ಸುಟ್ ಹೋತ್ತ್. ನಮ್ಮ ಕಾಲ್ದಲ್ ಯಾರೂ ಹಾಕಿದ್ದಿಲ್ಲೆ."

"ನಿಮ್ಮ ಕಾಲ್ದಲ್ ಕುದುರೆಮೆಂತೆಯೂ ಇಲ್ಲೆ ಅತ್ತೆ."

ಬಾಯಿ ಜಾರಿತು. ಬೈಗುಳಕ್ಕೆ ಕಾದೆ. ಅತ್ತೆ ನನ್ನನ್ನೇ ನೋಡಿ, "ಅಂತೂ ನಿಂಗ್ ಮಾತ್ ಬಂತ್" ಎಂದರು, ಅಷ್ಟೇ.

೧೫ ಡಿಸೆಂಬರ್

ಪದ್ದು ಎರಡು ಬುಟ್ಟಿ ಸುಣ್ಣ ಹೊತ್ತು ತಂದಳು. ಗಾಳಿಗೆ ಬಿಟ್ಟು ಹುಡಿಯಾದ ಹಳೇ ಸುಣ್ಣ, ಗೋಡೆಗೆ ಬಳಿಯಲು ಯಾರಿಗೂ ಬೇಡವಾದದ್ದು. ಹಳದಿ ಗಿಡಗಳನ್ನೆಲ್ಲ ಕಿತ್ತು, ಸುಣ್ಣಕ್ಕೆ ಬೂದಿಯನ್ನೂ ಒಣಸೆಗಣಿ ಹುಡಿಯನ್ನೂ ಸೇರಿಸಿ ಮಣ್ಣಿಗೆ ಬೆರೆಸಿದೆವು. ಉಳಿದರ್ಧ ಬೀಜವನ್ನು ಈ ಸಲ ಮೇಲೆಮೇಲೆಯೇ ಉದುರಿಸಿ, ತೆಂಗಿನಕಡ್ಡಿಯ ಹಿಡಿಸೂಡಿಯಲ್ಲಿ ಸವರಿ ಮುಚ್ಚಿದೆ. ನೇಗಿಲಿನ ಸುದ್ದಿ ಬೇಡ. ರಾಗಿ, ಹುರುಳಿ ಸಾಲುಬಿಟ್ಟು ಸಾಲಿಗೆ. ಕೈಯೆಲ್ಲ ಒಡೆದು ಉರಿಯುತ್ತಿದೆ. ಊಟ ಮಾಡುವಾಗ ಕಣ್ಣಲ್ಲಿ ನೀರು ಬಂತು. ಇನ್ನು ಬಿತ್ತಲು ಬೀಜವಿಲ್ಲ. ಇದು ಎದ್ದರೆ ಎದ್ದಿತು.

೬ ಜನವರಿ ೧೯೪೫

ಎದ್ದಿದೆ. ಹಸಿರಾಗಿಯೇ ಎದ್ದಿದೆ. ಇದನ್ನು ಮೂರು ದಿನ ಮೊದಲೇ ಬರೆಯಬೇಕಿತ್ತು, ದೃಷ್ಟಿಯಾದೀತೆಂದು ಬರೆದಿರಲಿಲ್ಲ.

ಅತ್ತೆ ಕೆರೆಯ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಊದಿಸಿಕೊಂಡಿದ್ದಾರೆ. ಎಣ್ಣೆ ಹಚ್ಚಿ ಮಲಗಿಸಿದ್ದೇನೆ. ಹೀಗಾಗಿ ಕೂಸನ್ನೂ ನಾನೇ ಗದ್ದೆಗೆ ಹೊತ್ತುಕೊಂಡು ಹೋಗುವ ಗ್ರಹಚಾರ. ಗೇರುಮರದ ಕೊಂಬೆಗೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದೆ. ದೊಡ್ಡ ಉಪದ್ರ. ಎರಡು ಕೊಡ ನೀರು ಹಾಕಿದರೆ ಒಮ್ಮೆ ತೂಗಬೇಕು, ಒಳಲೆಯಲ್ಲಿ ಕುಡಿಸಲು ಹೋದರೆ ಅರ್ಧ ನನ್ನ ಸೀರೆಗೆ. ಅತ್ತೆ ಇದನ್ನೆಲ್ಲ ಹೇಗೆ ಮಾಡುತ್ತಿದ್ದರೋ.

೧೪ ಜನವರಿ, ಸಂಕ್ರಾಂತಿ

ಮೆಂತೆ ಗೇಣುದ್ದವಾಗಿದೆ. ಕೆರೆಯ ನೀರು ಒಂದು ಮೆಟ್ಟಿಲು ಇಳಿದಿದೆ. ಗೇರೆಲೆ ಅಲ್ಲಾಡುವುದನ್ನು ನೋಡಿ ಕೂಸು ನಕ್ಕಿತು. ಯಾರೂ ನಗಿಸಿದ್ದಲ್ಲ, ತಾನೇ ನಕ್ಕಿದ್ದು. ಪದ್ದು ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು, ನಾನೊಬ್ಬಳೇ ಕಂಡದ್ದು. ರಾಗಿಯ ಸಾಲಿಗೆ ಬೂದಿ ಸಾಲದು, ನಾಳೆ ಹಾಕಬೇಕು.

೨ ಫೆಬ್ರವರಿ

ಅತ್ತೆ ಹೇಳಿದ ಹಾಗೆಯೇ ಆಯಿತು. ಬೈಲೆಲ್ಲ ಬೋಳಾಗುತ್ತಿದೆ, ಬದುವಿನ ಹುಲ್ಲು ಒಣಗಿತು. ಒಣಹುಲ್ಲು ಮಾತ್ರ ತಿಂದು ಕೆಂಪಿ ಕೊಡುವ ಹಾಲು ತಂಬಿಗೆಯ ಅರ್ಧವೂ ಇಲ್ಲ. ಅತ್ತೆಯ ಕಾಲು ಸರಿಯಾಗಿದೆ, ಕುಡಿಸುವುದು ಮತ್ತೆ ಅವರೇ. ಹಾಲಿಗೆ ಬೆರೆಸುವ ನೀರು ಹೆಚ್ಚಾಗುತ್ತಿರುವುದನ್ನು ನಾನು ನೋಡದ ಹಾಗೆ ಬೆರೆಸುತ್ತಾರೆ. ನನಗೆ ಕಾಣುವುದಿಲ್ಲವೇ? ಕುಡಿದಾದ ಮೇಲೂ ಮಗು ತುಟಿ ಚಪ್ಪರಿಸುತ್ತದೆ. ಮೆಂತೆಗೆ ಇನ್ನು ಹದಿನೈದು ದಿನವಾದರೂ ಬೇಕು. ಈಗಲೇ ಕತ್ತಿ ಹಾಕಿದರೆ ಬೇರು ಸೋಲುತ್ತದೆ ಎಂದು ಇವರು ಹೇಳಿ ಕಳಿಸಿದ್ದರು.

೧೬ ಫೆಬ್ರವರಿ

ಮೊದಲ ಕೊಯ್ಲು. ರಾಗಿ, ಹುರುಳಿ, ಮೆಂತೆ ಮೂರನ್ನೂ ಬೆರೆಸಿ ಒಂದು ಹೊರೆ ಕಟ್ಟಿ ಹಟ್ಟಿಗೆ ತಂದೆ. ಕೆಂಪಿ ಮೊದಲು ಮೂಸಿತು. ಒಂದು ಎಲೆ ಎಳೆದು ನೋಡಿತು. ಆಮೇಲೆ ತಲೆ ಎತ್ತಲಿಲ್ಲ. ನಾನು ಹಟ್ಟಿಯ ಬಾಗಿಲಲ್ಲೇ ಕೂತು ಅದು ಮೇಯುವ ಸದ್ದು ಕೇಳಿದೆ. ಹೀಗೆ ಖುಷಿಯಾಗಿ ಎಷ್ಟು ಕಾಲವಾಯಿತೋ. ಮಗುವನ್ನೂ ತಂದು ತೋರಿಸಿದೆ. ಅದಕ್ಕೆ ಏನು ಗೊತ್ತಾಗುತ್ತದೆ, ಆದರೂ ತೋರಿಸಿದೆ.

೨೧ ಫೆಬ್ರವರಿ

ತಂಬಿಗೆ ತುಂಬಿತು. ಮಗು ಕುಡಿದು, ಉಳಿದ ಹಾಲಿನಲ್ಲಿ ಅತ್ತೆಗೆ ಕಾಫಿ. "ಹುಲ್ಲ್ ಕಳ್ಸಿದ ಗಂಡ ಅಂಬ್ರ್, ಸೀರಿ ಹಾಲ್ ಕೊಡ್ತಾ?" ಎಂದರು ಅತ್ತೆ. ಮಗನ ಹೊಗಳಿಕೆ ಶುರುವಾದರೆ ಮುಗಿಯುವುದಿಲ್ಲ. ಆದರೆ ಇವತ್ತು ನಾನೂ ಸುಮ್ಮನೆ ಕೇಳಿದೆ.

ಸಂತೋಷಕ್ಕೆ ಒಂದು ಕಲ್ಲು ಬಿತ್ತು. ಬೈಲಿನಲ್ಲಿ ಕೊನೆಯ ಉದ್ದೂ ಕಿತ್ತಾಯಿತು, ನಾಳಿನಿಂದ ದನ ಬಿಡುತ್ತಾರಂತೆ. ಉದ್ದು ಮುಗಿದ ದಿನದಿಂದ ಮಳೆ ಬೀಳುವ ತನಕ ಇಲ್ಲಿ ಯಾರ ದನ ಯಾರ ಗದ್ದೆಗೂ ಹೋಗಬಹುದು. ಬೇಲಿ, ಮುಳ್ಳು ಎಲ್ಲ ತೆಗೆಯಬೇಕು. ಅದು ತಲೆತಲಾಂತರದ ಕ್ರಮ. ನಾನು ಮಂಜಯ್ಯ ಶೆಟ್ಟರ ಮನೆಯ ಅಂಗಳಕ್ಕೆ ಹೋಗಿ ಕೇಳಿದೆ, ನಮ್ಮ ಬೆಟ್ಟುಗದ್ದೆಯೊಂದಕ್ಕೆ ಬೇಲಿ ಇರಲಿ, ಸಣ್ಣ ಕೂಸಿನ ಹಾಲಿನ ವಿಷಯ ಎಂದು.

ಅವರು ಕೂರಲು ಮಣೆ ಹಾಕಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಅಮ್ಮ, ಇವತ್ತ್ ಒಬ್ರ್ ಗದ್ದಿಗ್ ಬೇಲಿ ಬಿದ್ರೆ ನಾಳೆ ಎಲ್ಲ್ರೂ ಹಾಕ್ತ್ರ್. ಗದ್ದಿ ಇಲ್ದರ್ ದನ ಎಲ್ಲಿಗ್ ಹೋಪುದ್? ದನ ಬಿಟ್ ಮೇಲೆ ಬೈಲಲ್ ಬೇಲಿ ಕಟ್ಟುಕಾಗ."

ಅವರ ಮಾತಿನಲ್ಲಿ ತಪ್ಪಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸರಿ, ಬೇಲಿ ಬೇಡ. ನಾನೇ ಕೋಲು ಹಿಡಿದು ಕಾಯುತ್ತೇನೆ.

೨೬ ಫೆಬ್ರವರಿ

ಹೋಯಿತು.

ನಿತ್ಯದಂತೆ ಗೇರುಮರದಡಿ ಕಾಯುತ್ತಿದ್ದೆ. ಬಿಸಿಲಿಗೆ ದನಗಳೆಲ್ಲ ದೂರದಲ್ಲಿ ಮಲಗಿದ್ದವು. ಮನೆಯಲ್ಲಿ ಗೋಮತಿ ಅತ್ತಳು. ಹಸಿವಿನ ಅಳುವಲ್ಲ, ಬೇರೆ ಥರ. ಕೋಲು ಅಲ್ಲೇ ಬಿಟ್ಟು ದರೆ ಇಳಿದು ಓಡಿದೆ. ಕೈಗೆ ಕಟ್ಟಿರುವೆ ಕಚ್ಚಿತ್ತು. ತೆಗೆದು, ಎಣ್ಣೆ ಹಚ್ಚಿ, ಸಮಾಧಾನ ಮಾಡಿ, ಸೊಂಟಕ್ಕೆ ಏರಿಸಿಕೊಂಡು ಮೇಲೆ ಬಂದರೆ ಬೆಟ್ಟುಗದ್ದೆ ತುಂಬ ದನ. ಅಷ್ಟು ಬೇಗ ಎಲ್ಲಿಂದ ಬಂದವೋ. ಕೂಗಿದೆ, ಕಲ್ಲು ಬೀಸಿದೆ, ಪದ್ದುವೂ ಬೊಬ್ಬೆ ಹೊಡೆಯುತ್ತ ಬಂದಳು. ಓಡಿಸುವಷ್ಟರಲ್ಲಿ ರಾಗಿಯಿಲ್ಲ, ಹುರುಳಿಯಿಲ್ಲ, ಮೆಂತೆ ನೆಲಮಟ್ಟಕ್ಕೆ. ಕೊನೆಗೆ ಹೊರಟದ್ದು ಮಂಜಯ್ಯ ಶೆಟ್ಟರ ದೊಡ್ಡ ಎಮ್ಮೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಅದಕ್ಕೂ ದಕ್ಕಲಿಲ್ಲ. ಬೆಟ್ಟು ಇಳಿದು ಕೆರೆಯ ಹತ್ತಿರ ಬಂದದ್ದು ಕಾಲು ಅಗಲಿಸಿ ನಿಂತುಬಿಟ್ಟಿತು. ಎಡಗಡೆಯ ಹೊಟ್ಟೆ ಉಬ್ಬಿ ಬೆನ್ನಿಗಿಂತ ಮೇಲೆ ಬಂದಿತ್ತು, ಬಾಯಿ ತೆರೆದು ಏದುಸಿರು. ಶೆಟ್ಟರು ಮುಂಡಾಸು ಬಿಚ್ಚಿಹೋದದ್ದೂ ತಿಳಿಯದೆ ಓಡಿ ಬಂದರು. "ಹ್ವಾಯ್, ಯಾರಾರೂ ಬನಿ" ಎಂದು ಕೂಗಿಕೊಂಡರು. ಸಾಯಲಿ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡೆ. ಅಷ್ಟರಲ್ಲಿ ಅದರ ಕರು ಬಂದು ಕೆಚ್ಚಲಿಗೆ ಬಾಯಿ ಹಾಕಿತು.

ಒಳಗೆ ಓಡಿ ಅತ್ತೆಯನ್ನು ಎಬ್ಬಿಸಿದೆ. ಅತ್ತೆ ಅಟ್ಟದಿಂದ ಗೊಟ್ಟ ತೆಗೆದರು, ನಾನು ತೆಂಗಿನೆಣ್ಣೆಗೆ ಇಂಗು ಅರೆದು ಹಾಕಿದೆ. ಒಂದು ಕೈಯಲ್ಲಿ ಗೋಮತಿ, ಇನ್ನೊಂದರಲ್ಲಿ ಎಣ್ಣೆಯ ಪಾತ್ರೆ. ಶೆಟ್ಟರು ಎಮ್ಮೆಯ ಬಾಯಿ ಎತ್ತಿ ಹಿಡಿದರು, ಅತ್ತೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ದರು. ಬಾಯಿಗೆ ಅಡ್ಡ ಕೋಲು ಕಟ್ಟಿ, ಮುಂಗಾಲು ದರೆಯ ಮೇಲೆ ಹತ್ತಿಸಿ ನಿಲ್ಲಿಸಿದೆವು. ಬಹಳ ಹೊತ್ತಿನ ಮೇಲೆ ದೊಡ್ಡ ತೇಗು ಬಂತು, ಮತ್ತೊಂದು ಬಂತು. ಹೊಟ್ಟೆ ಇಳಿಯಿತು. ಶೆಟ್ಟರು ನಮ್ಮ ಮುಖ ನೋಡದೆ ಎಮ್ಮೆ ಹೊಡೆದುಕೊಂಡು ಹೋದರು.

ಒಂದು ಗಳಿಗೆ ಒಳಗೆ ಹೋದದ್ದೇ ತಪ್ಪಾಯಿತು. ಅತ್ತೆ ಇದ್ದರಲ್ಲ ಮನೆಯಲ್ಲಿ, ಅವರು ನೋಡುತ್ತಿರಲಿಲ್ಲವೇ? ಯಾಕೆ ಓಡಿದೆನೋ ನನಗೇ ತಿಳಿಯದು.

೫ ಮಾರ್ಚ್

ಕೆಂಪಿಯ ಹಾಲು ಮತ್ತೆ ತಳಕ್ಕೆ. ಶೆಟ್ಟರ ಮನೆಯಿಂದ ದಿನವೂ ಒಂದು ತಂಬಿಗೆ ಎಮ್ಮೆಹಾಲು ಬರುತ್ತಿದೆ. ಬೇಡವೆನ್ನಲು ಮನಸ್ಸಿತ್ತು, ಬಾಯಿ ಬರಲಿಲ್ಲ. ಎಳೆಗೂಸಿಗೆ ಎಮ್ಮೆಹಾಲು ದಪ್ಪವಾಗುತ್ತದೆಂದು ಅತ್ತೆ ನೀರು ಹೆಚ್ಚು ಬೆರೆಸಿ, ರಾಗಿಮಣ್ಣಿ ಮಾಡಿ ಸ್ವಲ್ಪ ಸ್ವಲ್ಪ ತಿನ್ನಿಸುತ್ತಾರೆ. ಗೋಮತಿಗೆ ಎರಡೂ ಒಗ್ಗಿದ ಹಾಗಿಲ್ಲ. ಗದ್ದೆಯ ಕಡೆ ಹೋಗಲಿಲ್ಲ. ನೋಡುವುದೇನಿದೆ ಅಲ್ಲಿ?

೮ ಮಾರ್ಚ್

ನಿನ್ನೆಯಿಂದ ಭೇದಿ. ಕಣ್ಣು ಗುಳಿ ಬಿದ್ದಿದೆ. ಅಳುವುದಕ್ಕೂ ಶಕ್ತಿಯಿಲ್ಲ. ಅಳುತ್ತಿಲ್ಲವೆಂದೇ ನನಗೆ ಹೆದರಿಕೆ. ಅಕ್ಕಿಗಂಜಿಯ ತಿಳಿಗೆ ಉಪ್ಪು ಹಾಕಿ ಹತ್ತಿಯಲ್ಲಿ ಅದ್ದಿ ತುಟಿಗೆ ಹಿಂಡುತ್ತಿದ್ದೇನೆ. ಅತ್ತೆ ಕೊಡು ಎಂದರು, ಕೊಡಲಿಲ್ಲ. ಮಡಿಲಿನಿಂದ ಕೆಳಗಿಟ್ಟರೆ ಹೋಗಿಬಿಡುತ್ತಾಳೆ ಅನ್ನಿಸುತ್ತದೆ. ಇವಳು ಹೋದರೆ ನಾನು ಇರುವುದಿಲ್ಲ. ದೇವರೇ, ನಾನು ಏನು ಬರೆಯುತ್ತಿದ್ದೇನೆ.

೧೧ ಮಾರ್ಚ್

ನಿಂತಿದೆ. ಗಂಜಿತಿಳಿ ಕುಡಿದು ನಿದ್ದೆ ಹೋದಳು. ನನಗೂ ನಿದ್ದೆ ಬರುತ್ತಿದೆ.

೧೨ ಮಾರ್ಚ್

ಬೆಳಿಗ್ಗೆ ಹಿಂದಿನಿಂದ ಕತ್ತಿಯ ಸದ್ದು. ಗೋಮತಿಗೆ ಹೊದೆಸಿ ಎತ್ತಿಕೊಂಡು ದರೆ ಹತ್ತಿದೆ. ಮಂಜಯ್ಯ ಶೆಟ್ಟರು ಸ್ವತಃ ಕಚ್ಚೆ ಬಿಗಿದು ಬೆಟ್ಟುಗದ್ದೆಯ ಸುತ್ತ ಗೂಟ ನೆಡುತ್ತಿದ್ದಾರೆ. ಬಿದಿರುಮುಳ್ಳಿನ ರಾಶಿ ಬದುವಿನ ಮೇಲೆ. "ಬೇಲಿ ಕಟ್ಟುಕಾಗ ಅಂದಿದ್ರಿ" ಎಂದೆ.

"ಬೈಲಿನರ್ನೆಲ್ಲ ಸೇರ್ಸಿ ಕೇಂಡೆ ಅಮ್ಮ. ನನ್ನ್ ಎಮ್ಮಿ ನಿಮ್ಮ ಕೂಸಿನ ಹಾಲ್ ತಿಂದ್ ಹೋಯ್ತ್. ಹಿರಿಯರ್ ಕ್ರಮ ಮಾಡಿದ್ದ್ ದನ ಬದ್ಕುಕೆ. ಕೂಸ್ ಬದ್ಕುಕೆ ಒಂದ್ ಬೇಲಿ ಇದ್ರೆ ಅಡ್ಡಿಲ್ಲೆ ಅಂದ್ರ್ ಎಲ್ಲ್ರೂ." ಗೂಟಕ್ಕೆ ಇನ್ನೊಂದು ಪೆಟ್ಟು ಹಾಕಿ, "ಈ ಗದ್ದಿಗ್ ಮಾತ್ರ" ಎಂದು ಸೇರಿಸಿದರು.

ಇನ್ನೇಕೆ ಬೇಲಿ, ಒಳಗೆ ಏನಿದೆ ಎನ್ನಬೇಕೆಂದಿದ್ದೆ. ಅವರು ಕತ್ತಿಯ ತುದಿಯಿಂದ ನೆಲ ತೋರಿಸಿದರು. ತಿಂದು ಬಿಟ್ಟ ಪ್ರತಿಯೊಂದು ಬುಡದಲ್ಲೂ ಚಿಗುರು. ಒಂದಿದ್ದಲ್ಲಿ ಮೂರು, ನಾಲ್ಕು. ರಾಗಿಯೂ ಹುರುಳಿಯೂ ಸತ್ತಿವೆ. ಕುದುರೆಮೆಂತೆ ಸತ್ತಿರಲಿಲ್ಲ. ಅದರ ಜೀವ ಮಣ್ಣಿನೊಳಗಿದೆ. ನಾನು ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಶೆಟ್ಟರು ನೋಡದವರಂತೆ ಮುಳ್ಳು ಹೊಂದಿಸುತ್ತಿದ್ದರು. ಗೋಮತಿ ನನ್ನ ಮೂಗು ಹಿಡಿದು ಎಳೆಯುತ್ತಿದ್ದಳು.

೨ ಏಪ್ರಿಲ್

ಎರಡನೆಯ ಕೊಯ್ಲು, ಮೊದಲಿನದಕ್ಕಿಂತ ದಟ್ಟ. ಒಣಹುಲ್ಲು ಕತ್ತರಿಸಿ ಬೆರೆಸಿ ಹಾಕುತ್ತೇನೆ, ಹೊಟ್ಟೆಯುಬ್ಬರದ ಪಾಠ ಮರೆಯುವಂಥದಲ್ಲ. ದಿನವೂ ಒಂದು ಹಿಡಿ ಶೆಟ್ಟರ ಎಮ್ಮೆಗೂ ಹೋಗುತ್ತದೆ. ಕೆಂಪಿ ತಂಬಿಗೆ ತುಂಬಿಸುತ್ತಿದೆ. ಭೇದಿಯ ದಿನಗಳಿಂದ ಒಳಲೆ ನನ್ನ ಕೈಯಲ್ಲೇ ಉಳಿದಿದೆ. ಗೋಮತಿ ಮಗುಚಿ ಬಿದ್ದು ಎದೆಯೂರಿ ಚಾವಡಿಯಿಂದ ಹೊಸ್ತಿಲ ತನಕ ಹೋದಳು. ಕತ್ತಿ, ಹಿಡಿಸೂಡಿ ಎಲ್ಲ ಮೇಲಿಡಬೇಕು.

೨೯ ಏಪ್ರಿಲ್

ಸೆಕೆ. ಕೆರೆಯಲ್ಲಿ ಕೊನೆಯ ಮೆಟ್ಟಿಲು ಕಾಣುತ್ತಿದೆ. ಆದರೂ ಮೆಂತೆ ಬಾಡಿಲ್ಲ, ಬೇರು ಎಲ್ಲಿಯ ತನಕ ಇಳಿದಿದೆಯೋ. ಬೈಲಿಡೀ ಬೂದುಬಣ್ಣ, ನಮ್ಮದೊಂದೇ ಹಸಿರು. ಬದುವಿನ ಮೇಲೆ ಹೋಗುವವರೆಲ್ಲ ನಿಂತು ನೋಡುತ್ತಾರೆ. ಹುಲ್ಲಿಗೂ ಬಿತ್ತಬೇಕೇ ಎಂದು ಈಗ ಯಾರೂ ಕೇಳುವುದಿಲ್ಲ. ಬೀಜ ಕೊಡುತ್ತೀರಾ ಎಂದು ಕೇಳುತ್ತಾರೆ.

೨೪ ಮೇ

ಪಡುವಲಲ್ಲಿ ಮೋಡ. ನಮ್ಮ ಮಳೆಗೆ ಈ ಗಿಡ ನಿಲ್ಲದು, ಬೇರು ಕೊಳೆಯುತ್ತದೆ ಎಂದು ಇವರು ಪುಣೆಯಿಂದ ಹೇಳಿ ಕಳಿಸಿದ್ದಾರೆ. ಹೋಗಲಿ, ಅದರ ಕೆಲಸ ಅದು ಮಾಡಿದೆ. ಒಂದು ಮೂಲೆ ಕೊಯ್ಯದೆ ಬಿಟ್ಟಿದ್ದೆ. ನೇರಳೆ ಹೂ ಬಂದು ಸುರುಳಿಕಾಯಿ ಒಣಗಿತು, ಬಡಿದು ಬೀಜ ತೆಗೆದಿದ್ದೇವೆ. ಕಾರ್ತಿಕದಲ್ಲಿ ಮತ್ತೆ ಬಿತ್ತಬಹುದು. ಪದ್ದುವಿಗೆ ಸುಣ್ಣ ಈಗಲೇ ಹೇಳಿಟ್ಟಿದ್ದೇನೆ. ಬದುವಿನ ಹುಲ್ಲು ಚಿಗುರಿದೆ, ಕೆಂಪಿಗೆ ಇನ್ನು ಚಿಂತೆಯಿಲ್ಲ.

ಚಿಂತೆ ಬೇರೆಯೇ ಬಂದಿದೆ. ಇವತ್ತು ಉಳಿದ ಮೆಂತೆ ಕೊಯ್ಯಲು ಹೋಗಿದ್ದೆ. ಹಾಲಿನ ಹೊತ್ತಾಯಿತೆಂದು ಅತ್ತೆ ಒಳಲೆ ಹಿಡಿದರೆ ಗೋಮತಿ ಬಾಯಿಯೇ ತೆರೆಯಲಿಲ್ಲವಂತೆ. ಮುಖ ತಿರುಗಿಸಿ, ಬೆನ್ನು ಬಿಲ್ಲು ಮಾಡಿ ಒಂದೇ ರಂಪ. ಕೊನೆಗೆ ಅತ್ತೆ ಒಂದು ಕೈಯಲ್ಲಿ ಅವಳನ್ನು, ಇನ್ನೊಂದರಲ್ಲಿ ಹಾಲನ್ನು ಹಿಡಿದು, ಆ ಮೊಣಕಾಲಿನಲ್ಲಿ ದರೆ ಹತ್ತಿ ಬಂದರು. ನನ್ನ ಕೈಯೆಲ್ಲ ಹುಲ್ಲಿನ ರಸ. ಸೆರಗಿಗೆ ಒರೆಸಿಕೊಂಡು ಒಳಲೆ ತುಟಿಗೆ ಇಟ್ಟೆ. ಒಂದೇ ಉಸಿರಿಗೆ ಕುಡಿದು ಇನ್ನೂ ಬೇಕೆಂದಳು.

"ನಾ ಎಂತ ಹೊರ್ಗಿನಳಾ?" ಎಂದರು ಅತ್ತೆ. "ಹುಟ್ಟಿದಾಗಿಂದ ಕುಡ್ಸಿದ್ದ್ ಈ ಕೈಯೇ ಅಲ್ದಾ?"

"ನಾ ಎಂತ ಮಾಡುದ್ ಅತ್ತೆ, ಕೆಟ್ಟ ಅಭ್ಯಾಸ ಆಯ್ತ್ ಅದಕ್ಕೆ" ಎಂದು ಮಗುವನ್ನೇ ಬೈದೆ.

ನಾಟಿ ಶುರುವಾದರೆ ಏನು ಗತಿ? ಕೆಸರಿನಲ್ಲಿ ನಿಂತವಳನ್ನು ಹೊತ್ತು ಹೊತ್ತಿಗೆ ಹಾಲು ಕುಡಿಸಲು ಕರೆದರೆ ಕೆಲಸ ಸಾಗುತ್ತದೆಯೇ? ಮಳೆಗಾಲದೊಳಗೆ ಈ ಹಟ ಬಿಡಿಸಬೇಕು. ಹೇಗೆಂದು ಅತ್ತೆಯನ್ನು ಕೇಳೋಣವೆಂದರೆ, ಅವರು ಗೇರುಮರದಡಿ ಆಚೆ ತಿರುಗಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಬೇಸರವಾಯಿತೆಂದು ಹತ್ತಿರ ಹೋದರೆ ನಗುತ್ತಿದ್ದಾರೆ. ವಯಸ್ಸಾದವರ ರೀತಿ ಒಮ್ಮೊಮ್ಮೆ ಅರ್ಥವಾಗುವುದಿಲ್ಲ.

ಇನ್ನೂ ಬರೆಯುವುದಿತ್ತು. ಒಳಗೆ ಗೋಮತಿ ಎದ್ದಿದ್ದಾಳೆ. ಅತ್ತಿಲ್ಲ, ತೊಟ್ಟಿಲೂ ಅಲುಗಿಲ್ಲ, ಆದರೂ ಎದ್ದಿದ್ದಾಳೆ. ಹೋಗುತ್ತೇನೆ.